ಅಕ್ಕೋರು ಉಣ್ಣುವ ಮುನ್ನ

ಕಾರ್ತಿಕದ ಇಳಿಹೊತ್ತಿನಲ್ಲಿ ದೂಧಗಂಗೆಯ ದಂಡೆಯನ್ನು ನೀವು ಕಂಡಿದ್ದೀರಾ, ಸಹೃದಯರೇ? ಆಷಾಢದ ರೋಷವನ್ನೆಲ್ಲ ಹರಿಸಿ ಕಳೆದುಕೊಂಡ ನದಿ ಆ ಹೊತ್ತಿಗೆ ಪ್ರಶಾಂತಗಂಭೀರೆ. ಎರಡೂ ದಂಡೆಗಳಲ್ಲಿ ಹೂಬಿಟ್ಟು ನಿಂತ ಕಬ್ಬಿನ ಬೆಳ್ಳಿಗರಿಗಳ ಮೇಲೆ ಅಸ್ತಮಾನದ ಹೊಂಬಣ್ಣ ಸುರಿದು, ಗಾಳಿ ತೀಡಿದಾಗಲೆಲ್ಲ ಆ ಬಣ್ಣ ಹೊಲದಿಂದ ಹೊಲಕ್ಕೆ ದಾಟಿಹೋಗುತ್ತದೆ... ಮಿಂದು ಮರಳುವ ಎಮ್ಮೆಗಳ ಮಂದಗಮನ, ಸದಲಗಾದ ಓಣಿಗಳಲ್ಲಿ ಹಾಲಿನ ಕ್ಯಾನುಗಳ ಕಿಣಿಕಿಣಿ, ಒಲೆಗಳಿಂದೇಳುವ ನೀಲಿ ಹೊಗೆ! ಇಂಥ ಸಂಜೆಯಲ್ಲಿ ಎಂಥ ಕಲ್ಲೆದೆಯೂ ಒಂದಿಷ್ಟು ಕರಗುತ್ತದೆ.

ಆದರೆ ಎರಡು ಸಾವಿರದ ಹದಿನೇಳನೆಯ ಇಸವಿಯ ಆ ಸಂಜೆ ಸರಿತಾ ಕರಗುವ ಮನಃಸ್ಥಿತಿಯಲ್ಲಿರಲಿಲ್ಲ. ಬಲಗೈಯಲ್ಲಿ ಹಾಲಿನ ಕ್ಯಾನು, ಸೆರಗಿನಡಿಯಲ್ಲಿ ನಾಲ್ಕಾಗಿ ಮಡಿಚಿದ ಒಂದು ಹಾಳೆ, ಕಣ್ಣು ಪಡುವಣದ ಸೂರ್ಯನ ಮೇಲೆ... ಆ ಸೂರ್ಯ ಮುಳುಗುವುದರೊಳಗೆ ಆ ಹಾಳೆ ಕಾಗವಾಡ ತಲುಪಬೇಕಿತ್ತು. ತಲುಪದಿದ್ದರೆ ಅವಳ ನೂರು ದಿನದ ತಪಸ್ಸು ನೀರುಪಾಲು. ಅವಳದಷ್ಟೇ ಅಲ್ಲ, ಇನ್ನೊಬ್ಬನದೂ!

ಈ ಕಥೆ ಶುರುವಾದದ್ದು ಶ್ರಾವಣದಲ್ಲಿ. ಕಾಗವಾಡದ ನಿವೃತ್ತ ಮುಖ್ಯೋಪಾಧ್ಯಾಯಿನಿ ಚಂದ್ರಮತಿ ಅಕ್ಕೋರು ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿದರು: 'ನೂರು ದಿನ, ನೂರು ಪುಟ'. ಅಥಣಿಯಿಂದ ನಿಪ್ಪಾಣಿಯವರೆಗೆ ಅರವತ್ತೆರಡು ಜನ ಸೇರಿಕೊಂಡರು. ಬೀಡಿ ಕಟ್ಟುವ ಸೋನಾಬಾಯಿಯಿಂದ ಹಿಡಿದು, ನಿವೃತ್ತ ತಹಶೀಲ್ದಾರರವರೆಗೆ. ಬರೆಯಬೇಕೆಂಬ ಆಸೆಯನ್ನು ಹತ್ತಾರು ವರ್ಷ ಎದೆಯಲ್ಲೇ ಬಚ್ಚಿಟ್ಟುಕೊಂಡು, ಮೂರು ದಿನ ಬರೆದು ನಾಲ್ಕನೆಯ ದಿನ ಕೈಚೆಲ್ಲುವ ಜಾತಿಯವರೇ ಎಲ್ಲರೂ! ಅದನ್ನು ಬಲ್ಲ ಅಕ್ಕೋರು ಇಬ್ಬಿಬ್ಬರನ್ನು ಜೋಡಿ ಮಾಡಿ ಅದಕ್ಕೆ ನೊಗ ಎಂದು ಹೆಸರಿಟ್ಟರು. ನೊಗದ ಒಬ್ಬರು ಒಂದು ದಿನ ತಪ್ಪಿದರೂ ಇಬ್ಬರ ಪುಟಗಳೂ ಲೆಕ್ಕಕ್ಕಿಲ್ಲ. ಇನ್ನು ಗಡುವು? ಅಕ್ಕೋರು ಜೈನರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತನ್ನೂ ಮುಟ್ಟುವವರಲ್ಲ. 'ನಾ ಉಣ್ಣಾಕ ಕೂಡೂದ್ರಾಗ ನಿಮ್ಮ ಪುಟ ಬರಬೇಕು. ನಾ ಉಂಡು ಕೈ ತೊಳಕೊಂಡ್ನೆಂದ್ರ ಹಾಜರಿ ಮುಗೀತು' ಎಂದು ಮೊದಲ ದಿನವೇ ಬರೆದು ಹಾಕಿದ್ದರು.

ಸರಿತಾಳ ನೊಗಕ್ಕೆ ಬಂದವನು ಸುಮೇಧ. ರಾಯಬಾಗ ನಿಲ್ದಾಣದಲ್ಲಿ ಟಿಕೆಟು ಕೊಡುವ ನೌಕರಿ, ನಿಲ್ಲದೆ ಹೋಗುವ ರೈಲುಗಳ ಬಗ್ಗೆ ಕಥೆ ಬರೆಯುವ ಹುಚ್ಚು. ಅವನ ಮುಖವನ್ನು ಅವಳು ಕಂಡಿರಲಿಲ್ಲ, ದನಿಯನ್ನು ಕೇಳಿರಲಿಲ್ಲ. ಆದರೆ ದಿನವೂ ಅವಳ ಪುಟದ ಕೆಳಗೆ ಅವನ ಒಂದು ಸಾಲು ತಪ್ಪದೆ ಬರುತ್ತಿತ್ತು: 'ಓದಿದೆ. ಬರೀರಿ, ಬಿಡಬ್ಯಾಡ್ರಿ.' ಮದುವೆ ಮುರಿದು, ಕಾಗದಪತ್ರವನ್ನೆಲ್ಲ ಮುಗಿಸಿ ತವರಿಗೆ ಬಂದು ಆರು ವರ್ಷವಾಗಿದ್ದ ಮೂವತ್ಮೂರರ ಆ ಹೆಣ್ಣಿಗೆ ಬಿಡು ಎಂದವರೇ ಎಲ್ಲರೂ... ಬಿಡಬೇಡ ಎಂದವನು ಇವನೊಬ್ಬ! ನಲವತ್ತನೆಯ ದಿನ ಅವನ ತಂದೆ ತೀರಿಕೊಂಡರು. ಅಂದು ಮಧ್ಯಾಹ್ನ ಅವಳು ಬರೆದಳು: 'ನೀವು ಒಂದು ಸಾಲು ಬರೆದರೂ ಸಾಕು, ಬರೆಯದಿದ್ದರೂ ಸರಿ. ನಾನು ಬೇರೆ ಜೋಡಿ ಹುಡುಕುವುದಿಲ್ಲ.' ಹೊತ್ತು ಮುಳುಗುವ ಮುನ್ನ ಅವನಿಂದ ನಾಲ್ಕು ಸಾಲು ಬಂದವು. ಅವನ್ನೋದಿ ಅವಳು ಕೊಟ್ಟಿಗೆಯ ಕಂಬಕ್ಕೊರಗಿ ಅತ್ತಳು. ಅದು ಬರೀ ಅನುಕಂಪವಲ್ಲವೆಂದು ಅಂದೇ ಅವಳಿಗೆ ತಿಳಿದುಹೋಯಿತು.

ತೊಂಬತ್ತನೆಯ ದಿನ ಸುಮೇಧ ಅವಳೊಬ್ಬಳಿಗೇ ಬರೆದ: 'ನೂರು ಮುಗಿದ ಮೇಲೆ ನಿಮ್ಮನ್ನು ಒಂದು ಮಾತು ಕೇಳಬೇಕೆಂದಿದ್ದೇನೆ.' ಆ ಮಾತು ಯಾವುದೆಂದು ಅವಳ ಹೃದಯ ಬಲ್ಲುದು, ಓದುಗರೇ, ನೀವೂ ಬಲ್ಲಿರಿ! ದುರದೃಷ್ಟವೆಂದರೆ, ಆ ಸಂದೇಶ ಮಿನುಗಿದಾಗ ಫೋನು ಅವಳ ಅಣ್ಣ ರಾಜಾರಾಮನ ಕಣ್ಣೆದುರಿನಲ್ಲಿತ್ತು.

"ಯಾರಿವಾ?" ಎಂದ ರಾಜಾರಾಮ.

"ನನ್ನ ಜೋಡಿ ಬರಿಯಾವ."

"ಬರಿಯೂದು ಸಾಕು. ಒಮ್ಮೆ ಮಂದಿ ಬಾಯಿಗೆ ಬಿದ್ದದ್ದು ಸಾಲಲಿಲ್ಲೇನು?"

ಫೋನು ಅವನ ಅಂಗಿಯ ಜೇಬಿಗಿಳಿಯಿತು. ರಾಜಾರಾಮ ಕೆಟ್ಟವನಲ್ಲ, ತಂಗಿಗಾಗಿ ಆರು ವರ್ಷ ಊರಿನ ಚುಚ್ಚುಮಾತು ಕೇಳಿ ಕೇಳಿ ಹೆದರಿದವನು. ಹೆದರಿದವರ ಪ್ರೀತಿ ಬಹಳ ಸಲ ಬೀಗದ ರೂಪದಲ್ಲೇ ಬರುತ್ತದೆ.

ಅವಳು ಬಗ್ಗಲಿಲ್ಲ. ನಸುಕಿನಲ್ಲಿ, ಎಮ್ಮೆಗಳು ಮೆಲುಕು ಹಾಕುವ ಕೊಟ್ಟಿಗೆಯಲ್ಲಿ ಕೂತು ಹಾಳೆಯ ಮೇಲೆ ಬರೆದಳು. ಡೇರಿಗೆ ಹಾಲು ಹಾಕುವಾಗ ಆ ಹಾಳೆಯನ್ನು ಹಾಲಿನ ಗಾಡಿಯ ಚಾಲಕ ತುಕಾರಾಮನ ಕೈಗಿಟ್ಟಳು. ಗಾಡಿ ಚಿಕ್ಕೋಡಿಗೆ ಹೋಗುತ್ತದೆ. ಅಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಸೀಮಾ ಅದೇ ಗುಂಪಿನವಳು. ಅವಳು ಫೋಟೋ ತೆಗೆದು ಗುಂಪಿಗೆ ಹಾಕುತ್ತಿದ್ದಳು. ಬಂದ ಮಾತುಗಳನ್ನು ಮುದ್ರಿಸಿ ಸಂಜೆಯ ಗಾಡಿಗೆ ಮರಳಿ ಕಳಿಸುತ್ತಿದ್ದಳು. ಆ ಮುದ್ರಿತ ಹಾಳೆಯ ಕೊನೆಯಲ್ಲಿ ದಿನವೂ ಅದೇ ಸಾಲು... ಬರೀರಿ, ಬಿಡಬ್ಯಾಡ್ರಿ! ಹೀಗೆ ಒಂಬತ್ತು ದಿನ ನಡೆಯಿತು.

ನೂರನೆಯ ದಿನ ಕಬ್ಬಿನ ದರಕ್ಕಾಗಿ ರಸ್ತೆ ತಡೆ. ಬೆಳಗಿನ ಗಾಡಿ ಬರಲಿಲ್ಲ. ಸಂಜೆಯದಾದರೂ ಬಂದೀತೆಂದು ಅವಳು ಡೇರಿಗೆ ಬಂದಾಗ ಹಾದಿ ಬಿಕೋ ಎನ್ನುತ್ತಿತ್ತು. ಡೇರಿಯೊಳಗೆ ಮಾತ್ರ ಹಾಲು ಹಾಕುವವರ ಉದ್ದನೆಯ ಸಾಲು. ಸಾಲಿನ ನಡುವೆ ರಾಜಾರಾಮ! ಗೋಡೆಯ ಗಡಿಯಾರದಲ್ಲಿ ಐದೂಮುಕ್ಕಾಲು. ಹೊತ್ತು ಮುಳುಗಲು ಇನ್ನು ಅರ್ಧ ತಾಸೂ ಉಳಿದಿರಲಿಲ್ಲ.

ಅವಳು ಕ್ಯಾನು ಕೆಳಗಿಟ್ಟಳು. ನೇರ ಡೇರಿಯ ಸೆಕ್ರೆಟರಿಯತ್ತ ನಡೆದಳು.

"ಬಾಬಾಸಾಹೇಬ ಕಾಕಾ, ನಿಮ್ಮ ಫೋನ್ ಒಂದೀಟು ಕೊಡ್ರಿ. ಈ ಹಾಳಿ ಫೋಟೋ ಕಳಸೂದೈತಿ."

ಬಾಬಾಸಾಹೇಬ ಕೈಯೇನೋ ಜೇಬಿಗೆ ಹಾಕಿದ. ಆದರೆ ರಾಜಾರಾಮನ ಮುಖ ನೋಡಿ ಅಲ್ಲೇ ತಡೆದ. "ಅಣ್ಣಾಗ ಒಂದ ಮಾತ ಕೇಳವಾ..."

"ಮನೀಗೆ ನಡಿ, ಸರಿತಾ," ಎಂದ ರಾಜಾರಾಮ. "ಇಷ್ಟ ಮಂದ್ಯಾಗ ಮರ್ಯಾದಿ ಕಳೀಬ್ಯಾಡ."

"ಮರ್ಯಾದಿ ಹೋಗೂದು ಬರಿಯೂದ್ರಿಂದ ಅಲ್ಲಣ್ಣಾ, ಕದ್ದು ಬರಿಯೂದ್ರಿಂದ! ಒಂಬತ್ತು ದಿನ ಕದ್ದು ಕಳಿಸೀನಿ. ಇವತ್ತಿಗೆ ಸಾಕಾಗೈತಿ. ಫೋನ್ ಕೊಡಂಗಿಲ್ಲ ಅಂದ್ರ ಬ್ಯಾಡ. ಎಲ್ಲಾರೂ ಇಲ್ಲೇ ಅದೀರಿ, ಕೇಳ್ರಿ."

ಹಾಳೆ ಬಿಚ್ಚಿದಳು. ಹಾಲು ಅಳೆಯುವ ಸದ್ದು ನಿಂತಿತು. ಕಿಟಕಿಯಿಂದ ಬಿದ್ದ ಇಳಿಬಿಸಿಲಿನ ಕೋಲು ಅವಳ ಮುಖವನ್ನು ಬೆಳಗಿತು. ಅವಳು ಓದತೊಡಗಿದಳು. ಅದು ಅವಳ ಕಾದಂಬರಿಯ ಕೊನೆಯ ಪುಟ: ಮಹಾಪೂರ ಬಂದ ವರ್ಷ ಎರಡು ಮಕ್ಕಳನ್ನೂ ಒಂದು ಎಮ್ಮೆಯನ್ನೂ ಕಟ್ಟಿಕೊಂಡು ದೂಧಗಂಗೆಯನ್ನು ದಾಟಿದ ತಾಯಿಯ ಕಥೆ. ಮಗಳು ತಾಯಿಯ ಬೆನ್ನಿಗೆ, ಮಗ ಎಮ್ಮೆಯ ಬಾಲಕ್ಕೆ... ದಂಡೆ ನಾಲ್ಕೇ ಮಾರು ಉಳಿದಾಗ ಮಗನ ಕೈ ಜಾರಿತು. ತಾಯಿ ದಂಡೆಯನ್ನು ನೋಡಲಿಲ್ಲ. ಸೆಳವಿನತ್ತ ತಿರುಗಿದಳು. ಹಿಂದಕ್ಕೆ ಹೋಗಬ್ಯಾಡ ಎಂದು ದಂಡೆಯ ಮೇಲಿನ ಊರೆಲ್ಲ ಕೂಗುತ್ತಿತ್ತು. ಅವಳು ಊರಿನ ಕೂಗು ಕೇಳಿಸಿಕೊಳ್ಳಲಿಲ್ಲ, ಮಗನ ಕೂಗು ಕೇಳಿಸಿಕೊಂಡಳು.

ಓದು ಮುಗಿಯಿತು. ಆ ತಾಯಿ ಯಾರೆಂದು ಸಾಲಿನಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ರಾಜಾರಾಮ ಬಹಳ ಹೊತ್ತು ತನ್ನ ಅಂಗೈಗಳನ್ನೇ ನೋಡುತ್ತ ನಿಂತ. ಕಿಟಕಿಯ ಬಿಸಿಲು ಗೋಡೆ ಹತ್ತಿ, ತೆಳುವಾಗಿ, ಇಲ್ಲವಾಯಿತು... ಅಕ್ಕೋರ ಊಟದ ಹೊತ್ತು ಮೀರಿಹೋಯಿತು!

ಕೊನೆಗೆ ಅವನು ಜೇಬಿನಿಂದ ಫೋನು ತೆಗೆದು ಮುಂದೆ ಚಾಚಿದ. ದನಿ ಒಡೆದಿತ್ತು, ಜಗಳ ಮಾತ್ರ ಬಿಟ್ಟಿರಲಿಲ್ಲ.

"ನಾ ಬಾಲ ಬಿಟ್ಟಿರಲಿಲ್ಲ. ಎಮ್ಮೀನ ನನ್ನ ಕೈಯಿಂದ ಜಗ್ಗಿಕೊಂಡಿತ್ತು. ಅದನ್ನ ತಿದ್ದು."

"ತಿದ್ದೂದಿಲ್ಲ," ಎಂದಳು ಸರಿತಾ, ಕಣ್ಣೊರೆಸಿಕೊಳ್ಳದೆ. "ಕಾದಂಬರಿ ನಂದು."

ಫೋನು ಎಚ್ಚರಗೊಳ್ಳಲು ಯುಗವೊಂದು ಹಿಡಿದಂತಾಯಿತು. ಆರು ಗಂಟೆ ಹದಿನೆಂಟು ನಿಮಿಷ. ಲೆಕ್ಕಕ್ಕೆ ಹಿಡಿದರೂ ಸರಿ, ಬಿಟ್ಟರೂ ಸರಿ ಎಂದು ಹಲ್ಲು ಕಚ್ಚಿ ಅವಳು ಹಾಳೆಯ ಫೋಟೋ ತೆಗೆದು ಕಳಿಸಿದಳು. ಅನಂತರವಷ್ಟೇ, ಪರದೆಯ ಮೇಲೆ ದಬದಬನೆ ಬಂದಿಳಿಯುತ್ತಿದ್ದ ಮಾತುಗಳನ್ನು ನೋಡಿದಳು.

ಐದು ಐವತ್ತಕ್ಕೆ ಚಂದ್ರಮತಿ ಅಕ್ಕೋರು: 'ಒಂದು ಪುಟ ಬರೂದೈತಿ. ನಾ ಇನ್ನೂ ಉಂಡಿಲ್ಲ.'

ಆರಕ್ಕೆ ಮತ್ತೆ ಅವರೇ: 'ಹೊತ್ತು ಮುಳುಗಿತು. ಇನ್ನ ನನ್ನ ಊಟ ನಾಳೆ ಬೆಳಿಗ್ಗೆ. ನಾ ಉಣ್ಣೂತನಕ ಹಾಜರಿ ತೆರೆದಿರತೈತಿ ಅಂತ ಮೊದಲ ದಿನಾನ ಹೇಳೀನಿ. ನಿಯಮ ಅಂದ್ರ ನಿಯಮ.'

ಅದರ ಕೆಳಗೆ ಸೋನಾಬಾಯಿ: 'ನಾನೂ ಒಲಿ ಹಚ್ಚಿಲ್ರಿ.' ಸೀಮಾ: 'ನಾನೂ ಉಂಡಿಲ್ಲ.' ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು... ಅರವತ್ತು ಅಪರಿಚಿತರು, ಅರವತ್ತು ಖಾಲಿ ತಾಟು! ಎಲ್ಲಕ್ಕಿಂತ ಕೊನೆಯಲ್ಲಿ, ರಾಯಬಾಗದ ಟಿಕೆಟು ಕಿಟಕಿಯ ಹಿಂದಿನಿಂದ: 'ಓದಲು ಕಾದಿದ್ದೇನೆ. ಬರೀರಿ, ಬಿಡಬ್ಯಾಡ್ರಿ.'

ಸರಿತಾ ಅಣ್ಣನತ್ತ ತಿರುಗಿದಳು. ಅವನಿಗೆ ಕೇಳಿಸುವಂತೆ, ಸಾಲಿನಲ್ಲಿದ್ದ ಕಟ್ಟಕಡೆಯವನಿಗೂ ಕೇಳಿಸುವಂತೆ, ಒಂದೊಂದೇ ಪದವನ್ನು ಗಟ್ಟಿಯಾಗಿ ಉಚ್ಚರಿಸುತ್ತ ಸುಮೇಧನಿಗೆ ಬರೆದಳು:

"ನೂರು ಮುಗಿದುವು. ನಿಮ್ಮ ಮಾತನ್ನ ಫೋನಿನ್ಯಾಗ ಕೇಳಬ್ಯಾಡ್ರಿ. ನಾಳೆ ಸದಲಗಾಕ್ಕ ಬಂದು ನಮ್ಮಣ್ಣನ ಎದುರಿಗೆ ಕೇಳ್ರಿ. ಹಿತ್ತಲ ಬಾಗಿಲ್ಲೆ ಅಲ್ಲ, ಮುಂಬಾಗಿಲ್ಲೆ ಬರ್ರಿ."

ರಾಜಾರಾಮ ಬಾಗಿ, ಅವಳ ಕ್ಯಾನನ್ನೂ ತನ್ನ ಕ್ಯಾನನ್ನೂ ಎತ್ತಿಕೊಂಡು ಸಾಲಿನಲ್ಲಿ ಮುಂದೆ ಸರಿದ.

ಪ್ರೇಮವೆಂದರೇನೆಂದು ಎಷ್ಟೋ ಬಲ್ಲವರು ಎಷ್ಟೋ ಬಗೆಯಲ್ಲಿ ಬಣ್ಣಿಸಿದ್ದಾರೆ, ಸಹೃದಯರೇ. ಈ ಕಥೆ ಹೇಳುವವನಿಗೆ ಅಷ್ಟೆಲ್ಲ ತಿಳಿಯದು. ಮುಖ ಕಾಣದ, ದನಿ ಕೇಳದ ಒಬ್ಬಳ ಒಂದು ಪುಟಕ್ಕಾಗಿ ಆ ಸಂಜೆ ಅರವತ್ತು ಮನೆಗಳಲ್ಲಿ ತುತ್ತು ಮುಟ್ಟದೆ ಕಾದವರ ಹಸಿವನ್ನು ಬಲ್ಲೆ. ಅಷ್ಟು ಜನರ ಹಸಿವನ್ನು ಬೆನ್ನಿಗಿಟ್ಟುಕೊಂಡವಳಿಗೆ ಯಾವ ಊರಿನ ಬಾಯಿಯ ಭಯವೂ ಉಳಿಯದೆಂಬುದನ್ನೂ ಬಲ್ಲೆ... ಮರುದಿನ ಬೆಳಗ್ಗೆ ಅಕ್ಕೋರು ಉಂಡು, ಕೈ ತೊಳೆದು, ನೂರನೆಯ ದಿನದ ಹಾಜರಿಯನ್ನು ಮುಚ್ಚಿದರು. ಅದರಲ್ಲಿ ಒಬ್ಬರೂ ತಪ್ಪಿರಲಿಲ್ಲ.