ಕಿವಿಯಿಲ್ಲದ ಅಜ್ಜ

ತ್ಯಾವಣಿಗೆಯ ಕೊಟ್ರಬಸಪ್ಪನವರಿಗೆ ಮೊಮ್ಮಗಳು ಪೂಜಾಳನ್ನು ಡಿ.ಸಿ. ಮಾಡಬೇಕೆಂಬ ಹಟ. ಪೂಜಾಳಿಗಿನ್ನೂ ನಾಲ್ಕು ವರ್ಷ. ಅದಕ್ಕೇನಂತೆ, ಡಿ.ಸಿ. ಆಗುವವರು ಬೇಗ ಶುರುಮಾಡಬೇಕಲ್ಲವೇ? ದಿನಾ ಸಂಜೆ ಅವಳನ್ನು ಜಗಲಿಯ ಮೇಲೆ ಕೂರಿಸಿ, ಕೈಗೆ ಪೆನ್ಸಿಲ್ ಕೊಟ್ಟು ಅಕ್ಷರ ತಿದ್ದಿಸುತ್ತಿದ್ದರು. ಅಕ್ಷರ ಗೆರೆ ದಾಟಿದರೆ ಅಜ್ಜನ ದನಿ ಊರು ದಾಟುತ್ತಿತ್ತು.

ಈಚೆಗೆ ಪೂಜಾ ಪೆನ್ಸಿಲ್ ಕಂಡರೆ ಬಾಗಿಲ ಹಿಂದೆ ಅಡಗುತ್ತಿದ್ದಳು. ಅಜ್ಜನ ಮಗ್ಗುಲಲ್ಲೇ ಮಲಗುತ್ತಿದ್ದ ಹುಡುಗಿ ಈಗ ಅಮ್ಮನ ಸೆರಗು ಬಿಡಳು. ಅಜ್ಜನಿಗೆ ಇದು ಒಳಗೊಳಗೇ ಕುಟುಕುತ್ತಿತ್ತು. ಆದರೆ ಬಾಯಿಬಿಟ್ಟು ಹೇಳುವ ಆಸಾಮಿಯಲ್ಲ.

ಒಂದು ದಿನ ಹಿತ್ತಲಲ್ಲಿ ಅಡಿಕೆ ಬೇಯಿಸಿ, ಆರಿದ ಚೊಗರನ್ನು ಬಕೆಟ್ಟಿಗೆ ಬಗ್ಗಿಸಿಟ್ಟಿದ್ದರು. ಆ ಕೆಂಪು ರಸ ಬಟ್ಟೆಗೆ ತಾಗಿದರೆ ಹೋಗುವ ಮಾತೇ ಇಲ್ಲ. ಪಕ್ಕದ ತಂತಿಯ ಮೇಲೆ, ಹೊನ್ನಾಳಿಯ ಬೀಗರ ಗೃಹಪ್ರವೇಶಕ್ಕೆಂದು ಒಗೆದು ಹಾಕಿದ ಅಜ್ಜನ ಬಿಳಿ ಪಂಚೆ. ಎರಡರ ನಡುವೆ ಪೂಜಾ. ಇನ್ನು ಹೇಳುವುದೇನಿದೆ?

"ಯಾರದು ನನ್ನ ಪಂಚೆ ಮ್ಯಾಲೆ ದೆವ್ವ ಬರೆದಿದ್ದು!"

ಕೂಗಿಗೆ ಕೊಟ್ಟಿಗೆಯ ಎಮ್ಮೆ ಬೆಚ್ಚಿ ಎದ್ದು ನಿಂತಿತು. ಸೊಸೆ ವಾಣಿಶ್ರೀ ಓಡಿ ಬಂದಳು; ಪೂಜಾ ಅಮ್ಮನ ಸೆರಗಿನೊಳಗೆ ಸೇರಿಕೊಂಡಳು. ಪೂಜಾ ಯಾಕೆ ಬರುತ್ತಿಲ್ಲವೆಂದು ವಿಚಾರಿಸಲು ಬಂದಿದ್ದ ಅಂಗನವಾಡಿ ಟೀಚರ್ ಶಿವಲೀಲಾ ಹಿಂದೆಯೇ ಬಂದರು. ಪಂಚೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದರು.

"ನಗಬ್ಯಾಡ್ರೀ ಟೀಚರಮ್ಮ. ಒಂದು 'ಅ' ನೆಟ್ಟಗೆ ಬರಿಯಾಕೆ ಬರಲ್ಲ, ಗೀಚಾಕೆ ಮಾತ್ರ ಮುಂದು."

"ಅಜ್ಜಾರೆ, ಮೊದಲು ಗೀಚಬೇಕು, ಆಮ್ಯಾಲೆ 'ಅ'. ಎಳೇ ಬೆರಳು ಅವು, ಗೀಚಿ ಗೀಚಿನೇ ಗಟ್ಟಿ ಆಗಬೇಕು. ಈಗ್ಲೇ ತಿದ್ದಿಸಿದ್ರೆ ಕೈ ನೋಯ್ತೈತೆ, ಬರಿಯಾದು ಅಂದ್ರೇನೇ ಹೆದರಿಕೆ ಆಗ್ತೈತೆ."

"ಚಿತ್ರ ಬರೆದ್ರೆ ಡಿ.ಸಿ. ಆಗ್ತಾರೇನು?"

"ಡಿ.ಸಿ.ನೂ ಕಣ್ಣುಬಿಟ್ಟು ನೋಡಬೇಕಲ್ರೀ! ಇವಳು ಹೆಂಗೆ ನೋಡಿದಾಳೆ ನೋಡ್ರಿ. ಕೈಗೆ ಐದೈದು ಬೆರಳು, ಮೀಸೆ, ಹೆಗಲ ಮ್ಯಾಲೆ ಟವೆಲ್ಲು, ಕೊರಳಾಗೆ ಲಿಂಗದ ಕರಡಿಗೆ..."

ಕೊಟ್ರಬಸಪ್ಪ ತಮ್ಮ ಕೊರಳಿನ ಕರಡಿಗೆ ಮುಟ್ಟಿಕೊಂಡರು. ದೆವ್ವ ತಾವೇ!

"ಅಲ್ಲಾ, ಬಾಯಿ ಯಾಕೆ ಇಷ್ಟಗಲ? ಕಿವಿನೇ ಇಲ್ಲ?"

"ಬರೆದೋರನ್ನ ಕೇಳ್ರಿ," ಎಂದರು ಶಿವಲೀಲಾ. "ಮೆಲ್ಲಕೆ."

ಅಜ್ಜ ಕುಕ್ಕರುಗಾಲಲ್ಲಿ ಕೂತರು. "ಕಿವಿ ಇಡಾದು ಮರೆತ್ಯೇನವ್ವ?"

"ಮರೆತಿಲ್ಲ," ಎಂದಳು ಪೂಜಾ, ಅಮ್ಮನ ಸೆರಗಿನೊಳಗಿಂದಲೇ. "ಅಜ್ಜ ಕೂಗ್ತಾನೆ. ಕೈ ನೋಯ್ತೈತೆ ಅಂದ್ರೆ ಕೇಳಿಸ್ಕೊಳ್ಳಲ್ಲ."

ಅಜ್ಜ ಪಂಚೆಯ ಮೇಲಿನ ಆ ಅಗಲ ಬಾಯಿಯತ್ತ ಮತ್ತೊಮ್ಮೆ ನೋಡಿದರು.

"ಬಾಯಾಗೆ ಹೇಳಾಕೆ ಆಗದ್ದನ್ನ ಮಕ್ಕಳು ಚಿತ್ರದಾಗೆ ಹೇಳ್ತಾವೆ ಅಜ್ಜಾರೆ," ಎಂದರು ಶಿವಲೀಲಾ.

ಕೊಟ್ರಬಸಪ್ಪ ಕಣ್ಣೊರೆಸಿಕೊಂಡು, ಚೊಗರಿನ ಬಕೆಟ್ಟನ್ನು ತಾವೇ ಮುಂದಕ್ಕೆ ಎಳೆದರು. "ಬಾರವ್ವ. ನಿನ್ನ ಕೈಲೇ ಅಜ್ಜಂಗೆ ಕಿವಿ ಇಡು."

ಪೂಜಾ ಸೆರಗು ಬಿಟ್ಟು ಬಂದಳು. ಒಂದೊಂದು ಮೊರದಷ್ಟಗಲ ಎರಡು ಕಿವಿ ಬರೆದಳು. ಅಂದು ರಾತ್ರಿ ಅವಳು ಅಜ್ಜನ ಮಗ್ಗುಲಲ್ಲೇ ಮಲಗಿದಳು.

ಹೊನ್ನಾಳಿಗೆ ಅಜ್ಜ ಅದೇ ಪಂಚೆ ಉಟ್ಟು ಹೋದರು. "ಏನ್ರೀ ಇದು?" ಎಂದು ಬೀಗರು ಹುಬ್ಬೇರಿಸಿದರೆ, "ನಾನೇ ರೀ! ಕಿವಿ ಮೊನ್ನೆ ಬಂದಾವೆ," ಎಂದರು.

ಅಪ್ಪಂದಿರೇ, ಅಮ್ಮಂದಿರೇ, ಅದರಲ್ಲೂ ಅಜ್ಜಂದಿರೇ! ನಿಮ್ಮ ಮನೆಯ ಮಗುವಿಗೂ ಒಂದು ಸೀಮೆಸುಣ್ಣ, ಒಂದು ಇದ್ದಿಲು, ಹಳೆ ಕ್ಯಾಲೆಂಡರಿನ ಹಿಂಬದಿ ಕೊಡಿ. ಹಸುವೋ ಕತ್ತೆಯೋ ಎಂದು ನಗಬೇಡಿ. "ಇದರ ಕಥೆ ಹೇಳು" ಎಂದು ಪಕ್ಕದಲ್ಲಿ ಕೂತು ಕೇಳಿ. ಅದೇ ಬೆರಳಿಗೆ ನಾಳೆ ಅಕ್ಷರವೂ ಒಲಿಯುತ್ತದೆ. ಇವತ್ತು ಸಂಜೆಯೇ ಶುರುಮಾಡಿ. ಬಿಳಿ ಪಂಚೆ ಮಾತ್ರ ಸ್ವಲ್ಪ ಎತ್ತರದಲ್ಲಿ ಒಣಹಾಕಿ.