ಉಸಿರು ಬಿಟ್ಟ ಪೈಲ್ವಾನ್

ಕೆಂಪಾಪುರದ ಗರಡಿಮನೆಯ ಗೋಡೆಯ ಮೇಲೆ ಹಳೆಯ ಪೈಲ್ವಾನರೆಲ್ಲ ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದುಕೊಂಡು ಪಟಗಳಲ್ಲಿ ನಿಂತಿದ್ದಾರೆ. ಆನಂದಪ್ಪನವರ ಪಟವೊಂದೇ ಇಲ್ಲ. ಪ್ರಾಯದಲ್ಲಿ ತೆಗೆಸಿಕೊಳ್ಳಲಿಲ್ಲ, ಈಗ ತೆಗೆಸೋಣವೆಂದರೆ ಫೋಟೋ ಎಂಬ ಪಾಪಿ ಹೊಟ್ಟೆಯನ್ನು ಮುಚ್ಚಿಡುವುದಿಲ್ಲ. ಹಳೆಯ ಎದುರಾಳಿ ಚಿಕ್ಕಬೈರಪ್ಪನವರಂತೂ ಪಟದೊಳಗಿಂದಲೇ ದಿನವೂ ಅಣಕಿಸುತ್ತಿದ್ದರು.

ಹೀಗಿರುವಾಗ ವಿದ್ಯಾರಣ್ಯಪುರದ ವೇದಾ ಮೇಡಂ, ತಮ್ಮ ಚಿತ್ರಕಲೆ ತರಗತಿಯಲ್ಲಿ ಮೈಕಟ್ಟು ನೋಡಿ ಬರೆಯಲು ಒಬ್ಬರು ಬೇಕು ಎಂದರು. ಆನಂದಪ್ಪ ಒಂದೇ ಷರತ್ತಿನ ಮೇಲೆ ಒಪ್ಪಿದರು: ತಾವು ಮೆಚ್ಚಿದ ಚಿತ್ರವನ್ನು ಗರಡಿಗೆ ಕೊಡಬೇಕು.

ಕುಸ್ತಿ ಚಡ್ಡಿ ಬಿಗಿದು, ತೊಡೆ ತಟ್ಟಿ ಮೇಜಿನ ಮೇಲೆ ನಿಂತರು. ಹೊಟ್ಟೆಯನ್ನು ಎಲ್ಲಿಗೋ ಬಚ್ಚಿಟ್ಟರು.

“ಉಸಿರಾಡಿ ಸರ್, ಮುಖ ಕೆಂಪಾಗ್ತಿದೆ,” ಎಂದರು ವೇದಾ.

ಆನಂದಪ್ಪ ಮೂಗಿನ ತುದಿಯಲ್ಲಷ್ಟೇ ಉಸಿರಾಡಿದರು. ವಿದ್ಯಾರ್ಥಿಗಳೆಲ್ಲ ತಲೆಯಿಂದ ಶುರುಮಾಡಿ ಸರಸರನೆ ಇಳಿದರು. ದಿವ್ಯ ಎಂಬ ಹುಡುಗಿಗೆ ಮಾತ್ರ ಪಾದದಿಂದ ಮೇಲಕ್ಕೆ ಬರೆಯುವ ಚಟ. ಒಂದೊಂದು ಬೆರಳಿಗೂ ಒಂದೊಂದು ಯುಗ. ಅವಳು ಸೊಂಟ ಮುಟ್ಟುವ ಹೊತ್ತಿಗೆ ಆನಂದಪ್ಪನವರ ಹೆಂಡತಿ ಗೌರಮ್ಮ ಊಟದ ಕ್ಯಾರಿಯರ್ ತಂದು ಮುಚ್ಚಳ ತೆಗೆದರು. ಹಿತಕಿದ ಬೇಳೆ ಸಾರಿನ ಘಮ ಮೂಗಿಗೆ ಬಡಿದದ್ದೇ ತಡ, ಪೈಲ್ವಾನರು ಉದ್ದಕ್ಕೆ ಉಸಿರು ಬಿಟ್ಟರು. ಹೊಟ್ಟೆ ಧೊಪ್ಪೆಂದು ಹೊರಬಂತು. ದಿವ್ಯ ಕಂಡದ್ದನ್ನು ಬರೆದಳು.

“ಚಳಿಗೆ ಒಸಿ ಉಬ್ಬೈತೆ, ಅಷ್ಟೇಯ,” ಎಂದರು ಆನಂದಪ್ಪ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಚಿತ್ರಗಳನ್ನು ಸಾಲಾಗಿ ನಿಲ್ಲಿಸಿದಾಗ ಆನಂದಪ್ಪ ಸಪಾಟು ಹೊಟ್ಟೆಯದೊಂದಕ್ಕೆ ಕೈ ಹಾಕಿದರು.

“ಇದ್ಯಾರು, ನಿಮ್ ತಮ್ಮನಾ?” ಎಂದು ಕೇಳಿದ ಗೌರಮ್ಮ, ದಿವ್ಯಳ ಚಿತ್ರ ಎತ್ತಿಕೊಂಡರು. “ಇವ್ರು ನಮ್ಮೋರು. ಈ ಒಟ್ಟೆ ಬೆಳ್ಸಿದ್ದು ನಾನು ಕಣ್ರೀ. ಮುದ್ದೆ ತೊಳ್ಸಿ ತೊಳ್ಸಿ ನನ್ ರಟ್ಟೆ ಬಿದ್ದೋಗೈತೆ. ಬಚ್ಚಿಡಾಕೆ ಇದೇನ್ ಕದ್ದಿದ್ದಾ?”

ಆನಂದಪ್ಪನವರಿಗೆ ನಾಚಿಕೆಯಾಯಿತು, ಒಳಗೊಳಗೇ ಖುಷಿಯೂ ಆಯಿತು. ಸಪಾಟು ಹೊಟ್ಟೆಯ ಚಿತ್ರದಿಂದ ಕೈ ತೆಗೆದರು.

ಭಾನುವಾರ ಆ ಚಿತ್ರ ಗರಡಿಯ ಗೋಡೆ ಏರಿತು. ಚಿಕ್ಕಬೈರಪ್ಪ ಖುದ್ದಾಗಿ ಬಂದು ಅದರ ಮುಂದೆ ತುಂಬ ಹೊತ್ತು ನಿಂತರು. ಇನ್ನೇನು ನಗುತ್ತಾರೆ ಎಂದು ಆನಂದಪ್ಪ ಹಲ್ಲು ಕಚ್ಚಿಕೊಂಡರು. ಚಿಕ್ಕಬೈರಪ್ಪ ಆಚೀಚೆ ನೋಡಿ, ಅಂಗಿಯ ಗುಂಡಿ ಬಿಚ್ಚಿ, ಎಷ್ಟೋ ವರ್ಷಗಳಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟರು. ಅವರದು ಇನ್ನೂ ದೊಡ್ಡದಿತ್ತು.

“ಆ ಉಡ್ಗಿ ನಂಬರ್ ಕೊಡೋ ಆನಂದ,” ಎಂದರು. “ನನ್ ಪಟಾನೂ ಒಸಿ ತಿದ್ದುಸ್ಬೇಕು.”