ಶಾವಿಗೆಯ ಪಾಲು

‘ಪ್ರಾವಿಜನ್’ ಎಂದರೇನು ಎಂದು ಪರಿಮಳಾ ಟೀಚರ್ ಕೇಳಿದ್ದೇ ತಡ, ಇಡೀ ತರಗತಿ ‘ಕಿರಾಣಿ ಅಂಗಡಿ’ ಎಂದು ಒಂದೇ ಉಸಿರಿಗೆ ಕೂಗಿತು. ಶಹಾಪುರದ ‘ಪ್ರಾವಿಜನ್ ಸ್ಟೋರ್’ ಬೋರ್ಡುಗಳನ್ನು ಓದುತ್ತ ಬೆಳೆದ ಮಕ್ಕಳು, ಬೇರೆ ಏನಂದಾವು? ಆಕೆ ನಕ್ಕು, ಕಾಯ್ದೆಯೊಳಗಿನ ಅವಕಾಶಕ್ಕೂ ಅದೇ ಮಾತು, ಮುಂದೆ ಬೇಕಾಗುವುದನ್ನು ಈಗಲೇ ಕೂಡಿಸಿಡುವುದಕ್ಕೂ ಅದೇ ಮಾತು ಎಂದು ಹಲಗೆಯ ಮೇಲೆ ಬರೆದಳು.

“ಮನ್ಯಾಗಿಂದೊಂದು ಉದಾಹರಣಿ ಹೇಳ್ರಿ ಟೀಚರ್,” ಎಂದಳು ಮುಂದಿನ ಬೆಂಚಿನ ಅಂಜುಮ್.

“ಆಮ್ಯಾಗ ಹೇಳ್ತೀನಿ,” ಎಂದು ಪರಿಮಳಾ ಹಲಗೆ ಒರೆಸತೊಡಗಿದಳು. ಆಕೆಗೆ ಏಳು ತಿಂಗಳು. ತವರಿನಿಂದ ಬಸುರಿಗೆ ಬುತ್ತಿ ಬರಬೇಕಾದ ಹೊತ್ತು. ಆದರೆ ಹೇಳದೆ ಕೇಳದೆ ಮದುವೆಯಾದ ಮಗಳ ಮೇಲೆ ಸುರಪುರದ ಮೋನಮ್ಮ ಮುನಿಸಿಕೊಂಡು, ಮಾತು ಬಿಟ್ಟು ವರ್ಷ ದಾಟಿತ್ತು. ಬಸುರಿಯೆಂದು ಹೇಳಿ ಕಳಿಸಿದ್ದಕ್ಕೂ ಉತ್ತರವಿರಲಿಲ್ಲ. ಅತ್ತೆ ಭೀಮಾಬಾಯಿ ಒಳ್ಳೆಯವಳು, ಒಂದು ಮಾತೂ ಆಡಿದವಳಲ್ಲ. ಆದರೂ ಓಣಿಯವರು ಆಡಿಕೊಳ್ಳದೆ ಬಿಟ್ಟಾರೆಯೇ? ಓಣಿ ಹಾಳಾಗಲಿ, ಪರಿಮಳಾಗೆ ಅವ್ವ ಬೇಕಿತ್ತು.

ಸಂಕ್ರಾಂತಿಯ ಹಿಂದಿನ ರವಿವಾರ ಮೋನಮ್ಮ ಬಂದೇಬಿಟ್ಟಳು. ತಲೆಯ ಮೇಲೆ ಬುಟ್ಟಿ, ಮುಖ ಮಾತ್ರ ಗಂಟು. ಮಗಳ ಕಡೆ ಕಣ್ಣೆತ್ತಲಿಲ್ಲ.

“ಅಕ್ಕಾರ, ಬುತ್ತಿ ತಂದೀನ್ರಿ,” ಎಂದು ಬೀಗತಿ ಭೀಮಾಬಾಯಿಗಷ್ಟೇ ಹೇಳಿ ಬುಟ್ಟಿ ಇಳಿಸಿದಳು.

ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ. ಬುಟ್ಟಿಯ ತಳದಲ್ಲಿ ಬಿಳಿ ಅರಿವೆಯ ಗಂಟೊಂದಿತ್ತು. ಪರಿಮಳಾ ಬಿಚ್ಚಿ ನೋಡಿದರೆ, ಶಾವಿಗೆ! ಮಿಷಿನ್ನಿನದಲ್ಲ, ಅವ್ವ ಮಣೆಯ ಮೇಲೆ ಕೈಯಿಂದ ಹೊಸೆದದ್ದು. ಅದು ಸುಡುಬಿಸಿಲಿಗೇ ಒಣಗಬೇಕು, ಚಳಿಯಲ್ಲಿ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಹೋದ ಬೇಸಿಗೆಯಲ್ಲಿ ಪರಿಮಳಾ ಬಸುರಿಯೂ ಆಗಿರಲಿಲ್ಲ.

“ಯವ್ವಾ, ಇದು ಯಾವಾಗ ಮಾಡಿದ್ದು?”

“ಶಾವಿಗಿ ಯಾವಾಗ ಮಾಡ್ತಾರ? ಬ್ಯಾಸಗ್ಯಾಗ.”

“ಆವಾಗ ನೀ ನನ್ನ ಕೂಡ ಮಾತ್ ಬಿಟ್ಟಿದ್ದಿ.”

ಮೋನಮ್ಮ ಆಗ ಮಗಳ ಮುಖ ನೋಡಿದಳು.

“ಮಾತ್ ಬಿಟ್ಟಿದ್ದೆ. ನಿನ್ನ ಪಾಲ್ ಬಿಟ್ಟಿದ್ನೇನು?”

ಅಂಜುಮ್‌ಗೆ ಹೇಳಲು ಮನೆಯದೊಂದು ಉದಾಹರಣೆ ಸಿಕ್ಕಿತ್ತು. ಆದರೆ ಟೀಚರಮ್ಮ ಗಂಟನ್ನು ಎದೆಗೊತ್ತಿಕೊಂಡು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟಳು.

“ಸಾಕ್ ಸಾಕು,” ಎಂದಳು ಮೋನಮ್ಮ, ಸೆರಗಿನಿಂದ ಮಗಳ ಕಣ್ಣನ್ನೂ ತನ್ನ ಕಣ್ಣನ್ನೂ ಒರೆಸುತ್ತ. “ಗಂಟು ಆ ಕಡಿ ಇಡು. ಶಾವಿಗಿ ತೊಯ್ತಾವ.”